ಭಾರ ಹೊರಿಸದೆ ಕೇಳುವ ಪೆಟ್ಟಿಗೆ

ಬೇಸ್ ಗಿಟಾರಿನ ಪಿಕಪ್ಪೊಂದರ ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿ. ಒಳಗೆ ಸಾಲಾಗಿ ನಿಂತ ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೆಂಪಗೆ ಹೊಳೆಯುವ ತಾಮ್ರದ ಸುರುಳಿ. ತಾಮ್ರದ ಎಳೆಯ ದಪ್ಪ 0.06 ಮಿಲಿಮೀಟರಿನ ಆಸುಪಾಸು, ಅಂದರೆ ಒಂದು ತಲೆಗೂದಲಿನಷ್ಟು. ಅದನ್ನು ಸುಮಾರು ಹತ್ತು ಸಾವಿರ ಸುತ್ತು ಸುತ್ತಿರುತ್ತಾರೆ. ಉಗುರು ತಾಕಿದರೆ ಸಾಕು, ಕಡಿದುಹೋಗುತ್ತದೆ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರವೂ ಅಲುಗುತ್ತದೆ, ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಬ್ಯಾಟರಿ ಬೇಡ, ಟ್ರಾನ್ಸಿಸ್ಟರ್ ಬೇಡ. ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ಇವತ್ತಿನವರೆಗೆ ಬಹುಪಾಲು ಬೇಸ್ ಗಿಟಾರುಗಳು ನಡೆಯುತ್ತಿರುವುದು ಈ ಸುರುಳಿಯ ಮೇಲೆಯೇ.

ಮೆಲ್ಲಗೆ ಮೀಟಿದರೆ ಇದರಿಂದ ಬರುವುದು ವೋಲ್ಟಿನ ಹತ್ತನೆಯ ಒಂದು ಭಾಗದ ಸುತ್ತಮುತ್ತ. ಹೆಬ್ಬೆರಳಿನಿಂದ ಬಲವಾಗಿ ಬಡಿದರೆ ಕ್ಷಣಮಾತ್ರ ಒಂದು ವೋಲ್ಟನ್ನು ದಾಟುವುದೂ ಉಂಟು. ವೋಲ್ಟೇಜಿನ ಲೆಕ್ಕದಲ್ಲಿ ಇದು ಬಡ ಸಂಕೇತವೇನಲ್ಲ. ಮೈಕಿನಿಂದ ಬರುವುದಕ್ಕಿಂತ ಎಷ್ಟೋ ದೊಡ್ಡದು. ತೊಂದರೆ ಇರುವುದು ಕರೆಂಟಿನಲ್ಲಿ. ಅಷ್ಟು ತೆಳು ಎಳೆಯ ಅಷ್ಟು ಉದ್ದದ ಸುರುಳಿ ಮುಂದಿನ ಯಂತ್ರಕ್ಕೆ ಕೊಡಬಲ್ಲ ಕರೆಂಟು ಬಹಳ ಕಡಿಮೆ. ಒರತೆ ಸಣ್ಣದಿರುವ ಬಾವಿಗೆ ದೊಡ್ಡ ಪಂಪು ಇಳಿಸಿದರೆ ನೀರಿನ ಮಟ್ಟವೇ ಕುಸಿದುಹೋಗುವಂತೆ, ಪಿಕಪ್ಪಿನಿಂದ ಕರೆಂಟು ಎಳೆಯುವ ಯಾವುದನ್ನು ಜೋಡಿಸಿದರೂ ಅದರ ವೋಲ್ಟೇಜು ಕುಸಿಯುತ್ತದೆ.

ಟೋನ್ ಸರಿಯಿಲ್ಲವೆಂದು ಹೊರಗಿನ ಪ್ರೀಆಂಪ್, ಅಂದರೆ ಗಿಟಾರಿಗೂ ಆಂಪ್ ಅಥವಾ ಮಿಕ್ಸರಿಗೂ ನಡುವೆ ಕೂರುವ ಪೆಟ್ಟಿಗೆ, ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ನೋಡುವುದು ನಾಬ್‌ಗಳನ್ನು: ಬೇಸ್, ಮಿಡ್, ಟ್ರೆಬಲ್, ಡ್ರೈವ್. ನನ್ನ ಮಟ್ಟಿಗೆ ಆ ಪೆಟ್ಟಿಗೆಯ ಅತಿ ಮುಖ್ಯ ಗುಣ ಮುಂಭಾಗದಲ್ಲಿ ಕಾಣುವುದೇ ಇಲ್ಲ. ಅದು ಬಳಕೆ ಪುಸ್ತಕದ ಕೊನೆಯ ಪುಟದ ಒಂದು ಸಂಖ್ಯೆ: ಇನ್‌ಪುಟ್ ಇಂಪೀಡೆನ್ಸ್. ಪಿಕಪ್ಪಿಗೆ ಎಷ್ಟು ಕಡಿಮೆ ಭಾರ ಹೊರಿಸಿ ಅದರ ಮಾತನ್ನು ಕೇಳಿಸಿಕೊಳ್ಳುತ್ತದೆ ಎಂಬುದರ ಅಳತೆ ಅದು. ಒಳ್ಳೆಯ ಪೆಟ್ಟಿಗೆಯಲ್ಲಿ ಇದು 1 ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮ್‌ನ ಆಸುಪಾಸು ಇರುತ್ತದೆ.

ಈ ಸಂಖ್ಯೆ ಏಕೆ ಅಷ್ಟು ಮುಖ್ಯ ಎಂಬುದನ್ನು ನಮ್ಮ ಊರುಗಳ ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಯಲ್ಲಿ ಕೇಳಬಹುದು. ಬೇಸ್ ನುಡಿಸುವವರಿಗೆ ಪ್ರತ್ಯೇಕ ಆಂಪ್ ಇರುವುದಿಲ್ಲ. ಗಿಟಾರಿನ ಕೇಬಲ್ಲನ್ನು ಸೌಂಡ್‌ನವರು ನೇರವಾಗಿ ಮಿಕ್ಸರಿನ ಲೈನ್ ಜ್ಯಾಕಿಗೆ ಚುಚ್ಚುತ್ತಾರೆ. ಆ ಜ್ಯಾಕು ಕೀಬೋರ್ಡಿನಂಥ ಬಲವಾದ ಮೂಲಗಳಿಗಾಗಿ ಮಾಡಿದ್ದು. ಅದರ ಇಂಪೀಡೆನ್ಸ್ ಹಲವು ಮಿಕ್ಸರುಗಳಲ್ಲಿ 10 ಸಾವಿರ ಓಮ್ ಸುತ್ತಮುತ್ತ. ನಮ್ಮ ಸುರುಳಿಯ ಸ್ವಂತ ರೋಧವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸಮ ಇದ್ದಾಗ ವೋಲ್ಟೇಜು ಸರಿಪಾಲಾಗುತ್ತದೆ, ಅರ್ಧ ಸುರುಳಿಯಲ್ಲೇ ಉಳಿದುಹೋಗುತ್ತದೆ. ಅರ್ಧ ಹೋದರೆ ಹೋಗಲಿ, ಮಿಕ್ಸರಿನಲ್ಲಿ ಗೇನ್ ಏರಿಸಿದರಾಯಿತು ಎನ್ನಬಹುದು. ಆದರೆ ಸುರುಳಿಗೆ ರೋಧದ ಜೊತೆಗೆ ಇನ್ನೊಂದು ಗುಣವಿದೆ, ಇಂಡಕ್ಟೆನ್ಸ್. ಅದು ಎತ್ತರದ ಆವೃತ್ತಿಗಳನ್ನು ಹೆಚ್ಚು ಹೆಚ್ಚು ತಡೆಯುತ್ತದೆ. ಇಂಡಕ್ಟೆನ್ಸ್ 5 ಹೆನ್ರಿ ಎಂದಿಟ್ಟುಕೊಂಡು ಲೆಕ್ಕ ಹಾಕಿ. 10 ಸಾವಿರ ಓಮ್‌ನ ಜ್ಯಾಕಿಗೆ ಸೇರಿಸಿದಾಗ ಸುಮಾರು 640 ಹರ್ಟ್ಸ್‌ನಿಂದಲೇ ಇಳಿಜಾರು ಶುರುವಾಗುತ್ತದೆ. 3000 ಹರ್ಟ್ಸ್‌ಗೆ ಬರುವಷ್ಟರಲ್ಲಿ ಹುಟ್ಟಿದ ವೋಲ್ಟೇಜಿನ ಹತ್ತರಲ್ಲಿ ಒಂದು ಪಾಲು ಮಾತ್ರ ಮಿಕ್ಸರನ್ನು ತಲುಪುತ್ತದೆ. ಬೆರಳು ತಂತಿಯನ್ನು ಬಿಡುವ ಸದ್ದು, ತಂತಿ ಲೋಹದ ಮೆಟ್ಟಿಲಿಗೆ ತಾಕುವ ಕಿಟಕಿಟ, ಸ್ವರದ ಅಂಚು, ಎಲ್ಲವೂ ಇರುವುದು ಅಲ್ಲೇ. ಜನರ ಕಿವಿಗೆ ಬೀಳುವುದು ಬರೀ ಗುಮ್ಮೆನ್ನುವ ಸದ್ದು. ಸ್ವರ ಯಾವುದು ಎಂದು ಹೇಳಲಾಗದ ಬೇಸ್.

ಅದೇ ಸುರುಳಿಯನ್ನು 1 ಮೆಗಾ ಓಮ್‌ಗೆ ಸೇರಿಸಿ. ಕೇಬಲ್ಲನ್ನು ಸದ್ಯಕ್ಕೆ ಮರೆತರೆ, ಅದೇ 3000 ಹರ್ಟ್ಸ್‌ನಲ್ಲಿ ನೂರಕ್ಕೆ 98 ಪಾಲು ದಾಟಿಹೋಗುತ್ತದೆ. ಒಂದು ನಾಬ್ ಕೂಡ ಮುಟ್ಟದೆ, ಎಲ್ಲವನ್ನೂ ನಡುಮಧ್ಯೆ ಇಟ್ಟು ಪ್ರೀಆಂಪನ್ನು ನಡುವೆ ತಂದಾಗ ಬೇಸ್ ಎಚ್ಚರಗೊಂಡಂತೆ ಕೇಳುವುದಕ್ಕೆ ಇದೇ ಕಾರಣ. ಪೆಟ್ಟಿಗೆ ಏನನ್ನೂ ಸೇರಿಸಿಲ್ಲ, ಕಳೆದುಹೋಗುತ್ತಿದ್ದದ್ದನ್ನು ಉಳಿಸಿದೆ.

ಹಾಗಾದರೆ 10 ಮೆಗಾ ಓಮ್ ಇದ್ದರೆ ಇನ್ನೂ ಒಳ್ಳೆಯದೇ? ಬೇಸ್ ಗಿಟಾರಿಗೆ ಅಷ್ಟೇನೂ ಲಾಭವಿಲ್ಲ. ಗಿಟಾರಿನೊಳಗೇ ವಾಲ್ಯೂಮ್‌ಗೆ ಒಂದು, ಟೋನಿಗೆ ಒಂದು ಎಂದು 250 ಸಾವಿರ ಓಮ್‌ನ ನಿಯಂತ್ರಣಗಳಿರುತ್ತವೆ. ಎತ್ತರದ ಆವೃತ್ತಿಗಳಿಗೆ ಅವೆರಡೂ ಸೇರಿ ಆಗಲೇ 125 ಸಾವಿರ ಓಮ್‌ನ ಭಾರ ಹೊರಿಸಿಯಾಗಿದೆ. ಅದರ ಪಕ್ಕಕ್ಕೆ ಒಂದು ಮೆಗಾ ಓಮ್ ಬಂದರೂ ಹತ್ತು ಬಂದರೂ ಒಟ್ಟು ಭಾರದಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಇನ್ನು ಕೇಬಲ್. ಇದನ್ನು ಬರೀ ದಾರಿ ಎಂದುಕೊಳ್ಳುವುದು ಸಹಜ. ಆದರೆ ನಡುವಿನ ಎಳೆಗೂ ಸುತ್ತಲಿನ ಜಾಲರಿಗೂ ನಡುವೆ ಕೆಪಾಸಿಟೆನ್ಸ್ ಇರುತ್ತದೆ. ಸಾಧಾರಣ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 100 ಪೈಕೊಫ್ಯಾರಡ್. ಸುರುಳಿಯ ಇಂಡಕ್ಟೆನ್ಸ್ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಸೇರಿ ಒಂದು ಅನುರಣನ ಮಂಡಲವಾಗುತ್ತವೆ. ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹಿಡಿಯುತ್ತಿದ್ದದ್ದು ಇದೇ ಜೋಡಿಯ ಬಲದಿಂದ. ಒಂದು ನಿರ್ದಿಷ್ಟ ಆವೃತ್ತಿಯಲ್ಲಿ ಅದು ಕೊಂಚ ಉಬ್ಬುತ್ತದೆ, ಅದರಾಚೆ ಸರ್ರನೆ ಇಳಿದುಹೋಗುತ್ತದೆ. ನಮ್ಮ 5 ಹೆನ್ರಿಯ ಸುರುಳಿಗೆ 3 ಮೀಟರ್ ಕೇಬಲ್ ಹಾಕಿದರೆ ಆ ಉಬ್ಬು ಸುಮಾರು 4100 ಹರ್ಟ್ಸ್‌ನಲ್ಲಿ ಬರುತ್ತದೆ. 6 ಮೀಟರಾದರೆ 2900ಕ್ಕೆ, 10 ಮೀಟರಾದರೆ 2250ಕ್ಕೆ ಇಳಿಯುತ್ತದೆ. ಸುರುಳಿಯ ಸ್ವಂತ ಕೆಪಾಸಿಟೆನ್ಸನ್ನೂ ಸೇರಿಸಿದರೆ ಈ ಸಂಖ್ಯೆಗಳು ಇನ್ನಷ್ಟು ಕೆಳಗಿಳಿಯುತ್ತವೆ. ಅಂದರೆ ಕೇಬಲ್ ಬದಲಾಯಿಸಿದಾಗ ಟೋನ್ ಬದಲಾಯಿತೆಂದು ವಾದಕರು ಹೇಳುವುದು ಭ್ರಮೆಯಲ್ಲ. ಚಿನ್ನದ ಲೇಪದ ಪ್ಲಗ್ಗಿನಿಂದ ಟೋನ್ ಬದಲಾಗುವುದಿಲ್ಲ, ಉದ್ದದಿಂದ ಬದಲಾಗುತ್ತದೆ.

ಇದರಿಂದ ಹೊರಡುವ ನಿಯಮ ಒಂದೇ, ಅದನ್ನು ಪಾಲಿಸುವವರು ಕಡಿಮೆ. ಗಿಟಾರಿನಿಂದ ಪ್ರೀಆಂಪಿನವರೆಗಿನ ಕೇಬಲ್ ಗಿಡ್ಡದಿರಲಿ, ಉದ್ದದ್ದೇನಿದ್ದರೂ ಅದರಾಚೆ ಇರಲಿ. ಪ್ರೀಆಂಪಿನಿಂದ ಹೊರಬರುವಾಗ ಸಂಕೇತದ ಮೂಲದ ಇಂಪೀಡೆನ್ಸ್ ಸಾವಿರ ಓಮ್ ಅಥವಾ ಅದಕ್ಕಿಂತ ಕಡಿಮೆಯಾಗಿರುತ್ತದೆ. ಅಲ್ಲಿಂದ ಹತ್ತು ಮೀಟರ್ ಕೇಬಲ್ ಎಳೆದರೂ ನಷ್ಟ ಶುರುವಾಗುವುದು ಒಂದೂವರೆ ಲಕ್ಷ ಹರ್ಟ್ಸ್‌ನ ಮೇಲೆ; ನಮ್ಮ ಕಿವಿ ಇಪ್ಪತ್ತು ಸಾವಿರಕ್ಕೇ ನಿಲ್ಲುತ್ತದೆ. ಅಷ್ಟಿದ್ದೂ ಎಷ್ಟೋ ಕಡೆ ಪ್ರೀಆಂಪನ್ನು ಮಿಕ್ಸರಿನ ಪಕ್ಕದ ಮೇಜಿನ ಮೇಲೆ ಇಟ್ಟು, ವೇದಿಕೆಯಿಂದ ಅಲ್ಲಿಯವರೆಗೆ ಗಿಟಾರ್ ಕೇಬಲ್ ಎಳೆದಿರುತ್ತಾರೆ. ಉಳಿಸಬೇಕಾದದ್ದನ್ನೆಲ್ಲ ದಾರಿಯಲ್ಲೇ ಕಳೆದುಕೊಂಡಮೇಲೆ ಪೆಟ್ಟಿಗೆಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಕೇಬಲ್ಲಿನ ಈ ಕಾಟವನ್ನು ಬುಡದಲ್ಲೇ ತಪ್ಪಿಸಲು ಪ್ರೀಆಂಪನ್ನು ಗಿಟಾರಿನ ಹೊಟ್ಟೆಯೊಳಗೇ ಇಡಬಹುದಲ್ಲವೇ? ಇಟ್ಟಿದ್ದಾರೆ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ತಂಡದ ಸುತ್ತ ಬೆಳೆದ ಅಲೆಂಬಿಕ್ ಸಂಸ್ಥೆ, ಆ ತಂಡದ ಫಿಲ್ ಲೆಶ್ ಅವರ ಬೇಸ್‌ಗಳಲ್ಲಿ ಇಂಥ ಪ್ರಯೋಗಗಳನ್ನು ಮಾಡಿತು. 1976ರಲ್ಲಿ ಮ್ಯೂಸಿಕ್ ಮ್ಯಾನ್ ಸಂಸ್ಥೆಯ ಸ್ಟಿಂಗ್‌ರೇ ಬೇಸ್ ಬಂತು. ಅದರೊಳಗೆ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಕಾರ್ಖಾನೆಯಿಂದಲೇ ಕೂತು ಬರುತ್ತಿತ್ತು. ಅದರ ಹಿಂದೆಯೂ ಲಿಯೊ ಫೆಂಡರ್ ಅವರೇ ಇದ್ದರು. ಭೌತವಿಜ್ಞಾನದ ದೃಷ್ಟಿಯಿಂದ ಪ್ರೀಆಂಪಿಗೆ ಗಿಟಾರಿನ ಒಳಭಾಗಕ್ಕಿಂತ ಉತ್ತಮ ಜಾಗವಿಲ್ಲ. ಬಳಕೆಯ ದೃಷ್ಟಿಯಿಂದ ಹೊರಗಿನ ಪೆಟ್ಟಿಗೆಗೆ ಬೇರೆ ಅನುಕೂಲಗಳಿವೆ. ಹಳೆಯ ಗಿಟಾರಿನ ಮರ ಕೊರೆಯಬೇಕಿಲ್ಲ, ಕಛೇರಿಯ ನಡುವೆ ಬ್ಯಾಟರಿ ಕೈಕೊಡುವ ಭಯವಿಲ್ಲ, ಮನೆಯಲ್ಲಿರುವ ಎರಡು ಮೂರು ಬೇಸ್‌ಗಳಿಗೂ ಒಂದೇ ಪೆಟ್ಟಿಗೆ ಸಾಕು.

ಇಂಥ ಪ್ರೀಆಂಪ್ ಪೆಟ್ಟಿಗೆಗಳು ಬರುವುದಕ್ಕೂ ಮುಂಚೆ ಬೇರೊಂದು ದಾರಿಯಿತ್ತು, ಅದರ ಫಲವನ್ನು ಜಗತ್ತೆಲ್ಲ ಕೇಳಿದೆ. ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೊದಲ್ಲಿ 1960ರ ದಶಕದಲ್ಲಿ ಜೇಮ್ಸ್ ಜೇಮರ್‌ಸನ್ ನುಡಿಸಿದ ಬೇಸ್, ಬಹುಪಾಲು ಆಂಪಿನ ಮುಂದೆ ಮೈಕ್ ಇಟ್ಟು ಹಿಡಿದದ್ದಲ್ಲ. ಅಲ್ಲಿನ ಎಂಜಿನಿಯರುಗಳು ತಾವೇ ಕಟ್ಟಿಕೊಂಡ ಡಿಐ ಬಾಕ್ಸಿನ ಮೂಲಕ ಅದು ನೇರವಾಗಿ ಕನ್ಸೋಲಿಗೆ ಹೋಗುತ್ತಿತ್ತು. ಅಂಥ ಪೆಟ್ಟಿಗೆಯೊಳಗಿನ ಮುಖ್ಯ ಭಾಗ ಒಂದು ಟ್ರಾನ್ಸ್‌ಫಾರ್ಮರ್. ಸುತ್ತುಗಳ ಅನುಪಾತ ಹತ್ತಕ್ಕೆ ಒಂದಿದ್ದರೆ ಇಂಪೀಡೆನ್ಸಿನ ಅನುಪಾತ ನೂರಕ್ಕೆ ಒಂದಾಗುತ್ತದೆ. ಮಿಕ್ಸರಿನ ಮೈಕ್ ಜ್ಯಾಕಿನ 1500 ಓಮ್ ಗಿಟಾರಿನ ಕಡೆಯಿಂದ ನೋಡಿದಾಗ 150 ಸಾವಿರ ಓಮ್ ಆಗಿ ಕಾಣುತ್ತದೆ. ಮೆಗಾ ಓಮ್ ಅಲ್ಲದಿದ್ದರೂ ಪಿಕಪ್ಪು ಉಸಿರಾಡುವಷ್ಟು ಜಾಗವಾಯಿತು. ಬದಲಿಗೆ ವೋಲ್ಟೇಜು ಹತ್ತನೆಯ ಒಂದಕ್ಕೆ ಇಳಿಯುತ್ತದೆ, ಅದನ್ನು ಕನ್ಸೋಲಿನ ಮೈಕ್ ಪ್ರೀಆಂಪ್ ಮತ್ತೆ ಏರಿಸಿಕೊಳ್ಳುತ್ತದೆ. ಆ ಧ್ವನಿಮುದ್ರಣಗಳಲ್ಲಿ ನಾವು ಕೇಳುವುದು ಮುಖ್ಯವಾಗಿ ಜೇಮರ್‌ಸನ್‌ರ ಬಲಗೈಯ ತೋರುಬೆರಳು, ಅವರು ಬದಲಾಯಿಸಲು ಒಲ್ಲದ ನುಣುಪು ಹೊದಿಕೆಯ ಹಳೆಯ ತಂತಿಗಳು, ಮತ್ತು ದಾರಿಯಲ್ಲಿ ಆದಷ್ಟು ಕಡಿಮೆ ಹಾನಿ. ಬೇಸ್ ಟೋನಿನ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈಗ ನಾಬ್‌ಗಳಿಗೆ ಬರೋಣ. ಟೋನ್ ನಿಯಂತ್ರಣದ ಮಂಡಲಗಳಲ್ಲಿ ಎರಡು ದೊಡ್ಡ ಮನೆತನಗಳಿವೆ. ಒಂದು, ಪೀಟರ್ ಬ್ಯಾಕ್ಸಂಡಾಲ್ ಎಂಬ ಇಂಗ್ಲಿಷ್ ಎಂಜಿನಿಯರ್ 1952ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಇದರಲ್ಲಿ ನಾಬ್ ನಡುವೆ ನಿಂತರೆ ಏನೂ ಬದಲಾಗುವುದಿಲ್ಲ, ಬಲಕ್ಕೆ ತಿರುಗಿಸಿದರೆ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮನೆಯ ಸ್ಟೀರಿಯೊಗಳಲ್ಲಿ ಬಂದದ್ದೂ ಇದೇ ವಂಶದ್ದು. ಇನ್ನೊಂದು ಫೆಂಡರ್ ಆಂಪ್‌ಗಳ ಮನೆತನ. ಇದರಲ್ಲಿ ನಡುಮಧ್ಯೆ ಎಂಬುದಕ್ಕೆ ಸಮತಟ್ಟು ಎಂಬ ಅರ್ಥವೇ ಇಲ್ಲ. ಮೂರೂ ನಾಬ್ 5ಕ್ಕೆ ಇಟ್ಟಾಗ ಮಧ್ಯದ ಆವೃತ್ತಿಗಳು ಆಗಲೇ ಹಳ್ಳಕ್ಕೆ ಬಿದ್ದಿರುತ್ತವೆ. ಸಮತಟ್ಟಿಗೆ ಹತ್ತಿರ ಬರಬೇಕಾದರೆ ಮಿಡ್ ನಾಬನ್ನು ಪೂರ್ತಿ 10ಕ್ಕೆ ಏರಿಸಿ, ಬೇಸ್ ಮತ್ತು ಟ್ರೆಬಲನ್ನು ತಳದ ಹತ್ತಿರ ಇಳಿಸಬೇಕು. ಅಲೆಂಬಿಕ್‌ನ ಹೆಸರಾಂತ ಎಫ್-2ಬಿ ವಾಲ್ವ್ ಪ್ರೀಆಂಪ್ ಈ ವಂಶದ್ದು. ಮಿಡ್ ಪೂರ್ತಿ ಏರಿಸಿದ್ದನ್ನು ನೋಡಿ ಹೊಸಬರು ಗಾಬರಿಯಾಗುವುದುಂಟು. ನಾಬಿನ ಸಂಖ್ಯೆಯನ್ನು ಓದಬಾರದು, ಮಂಡಲ ಯಾವುದೆಂದು ತಿಳಿದು ಕಿವಿಯಿಂದ ತಿರುಗಿಸಬೇಕು.

ಆವೃತ್ತಿಗಳ ಯಾವ ಪಟ್ಟಿಯನ್ನು ಏರಿಸಬೇಕು? ಬೇಸ್ ಎಂಬ ಹೆಸರಿದೆಯೆಂದು ಎಲ್ಲರ ಕೈ ಬೇಸ್ ನಾಬಿಗೆ ಹೋಗುತ್ತದೆ. ಕೆಳಗಿನ ತೆರೆದ ತಂತಿಯ ಆವೃತ್ತಿ 41.2 ಹರ್ಟ್ಸ್, ಆದ್ದರಿಂದ 40 ಹರ್ಟ್ಸ್ ಏರಿಸಿದರೆ ಗಟ್ಟಿಯಾಗಿ ಕೇಳುತ್ತದೆ ಎನ್ನುವುದು ಕಾಗದದ ಮೇಲೆ ಸರಿ. ಆದರೆ ನಮ್ಮ ಕಿವಿ ಆ ಜಾಗದಲ್ಲಿ ಬಹಳ ಮಂದ. ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿ ಇದನ್ನು ಅಳೆದು ತೋರಿಸಿದರು. ಇವತ್ತಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 1000 ಹರ್ಟ್ಸ್‌ನ ಸ್ವರವೊಂದು 40 ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳುತ್ತದೋ ಅಷ್ಟೇ ಜೋರು 40 ಹರ್ಟ್ಸ್‌ನಲ್ಲಿ ಕೇಳಬೇಕಾದರೆ 80 ಡೆಸಿಬೆಲ್‌ಗೂ ಹೆಚ್ಚು ಬೇಕು. ಅತ್ತ ಆಂಪಿನ ಮೇಲೆ ಬೀಳುವ ಹೊರೆಯೂ ಸಣ್ಣದಲ್ಲ. ತಳವನ್ನು 6 ಡೆಸಿಬೆಲ್ ಏರಿಸುವುದೆಂದರೆ ಅಲ್ಲಿ ನಾಲ್ಕು ಪಟ್ಟು ಶಕ್ತಿ ಕೇಳುವುದು. 50 ವ್ಯಾಟಿನಲ್ಲಿ ನಡೆಯುತ್ತಿದ್ದ ಕೆಲಸ 200 ವ್ಯಾಟಿಗೆ ಹೋಯಿತು. ಸ್ಪೀಕರಿನ ಕಾಗದ ಹಿಂದೆ ಮುಂದೆ ದುಡಿಯುತ್ತದೆ, ಆಂಪು ಬಿಸಿಯಾಗುತ್ತದೆ, ಕೇಳುಗನಿಗೆ ಅಷ್ಟು ದೊಡ್ಡ ಲಾಭವೇನೂ ತಲುಪುವುದಿಲ್ಲ.

ಮತ್ತೆ ಬೇಸ್ ಹೇಗೆ ಕೇಳುತ್ತದೆ? ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಟ್ಟವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಅಲ್ಲಿ ಮೀಟಿದ್ದು ಷಡ್ಜವಾದರೂ ಅಂತರ ಗಾಂಧಾರ ತಾನಾಗಿ ಮೇಲೆದ್ದು ಕೇಳುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಸ್ವರ ಎನ್ನುತ್ತಾರೆ. ಮೂಲ ಆವೃತ್ತಿಯ ಐದು ಪಟ್ಟಿನ ಹಾರ್ಮೋನಿಕ್ ಅದು. ಬೇಸ್‌ನ ಪ್ರತಿ ಸ್ವರದಲ್ಲೂ ಹೀಗೆ 41ರ ಜೊತೆಗೆ 82, 124, 165, 206 ಹರ್ಟ್ಸ್‌ಗಳ ಸಾಲೇ ಇರುತ್ತದೆ. ಪಿಕಪ್ಪು ಸೇತುವೆಗೆ ಹತ್ತಿರವಿರುವುದರಿಂದ, ಅಲ್ಲಿ ತಂತಿಯ ಮೂಲ ಕಂಪನದ ವಿಸ್ತಾರ ಕಡಿಮೆಯಿರುವುದರಿಂದ, ಮೇಲಿನ ಹಾರ್ಮೋನಿಕ್‌ಗಳ ಪಾಲೇ ಹೆಚ್ಚುತ್ತದೆ. ಈ ಸಾಲು ಸ್ಪಷ್ಟವಾಗಿದ್ದರೆ ಮೂಲ ಆವೃತ್ತಿ ಪೂರ್ತಿ ಕಾಣೆಯಾದರೂ ಮಿದುಳು ಅದನ್ನು ತುಂಬಿಕೊಂಡು 41 ಹರ್ಟ್ಸ್‌ನ ಸ್ವರವನ್ನೇ ಕೇಳಿಸುತ್ತದೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಹಾಡಿನ ಬೇಸ್ ನಡೆ ಹಿಡಿಯಲಾಗುವುದು ಇದರಿಂದಲೇ. ಅಂಥ ಸ್ಪೀಕರಿನಿಂದ 41 ಹರ್ಟ್ಸ್ ಹೊರಬರುವುದು ಸಾಧ್ಯವೇ ಇಲ್ಲ.

ಆದ್ದರಿಂದ ನಾನು ಹೇಳುವುದು: ಪ್ರೀಆಂಪಿನಲ್ಲಿ ಮಿಡ್ ನಾಬನ್ನು ಗೌರವದಿಂದ ಕಾಣಿ. 500ರಿಂದ 800 ಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಬೇಸ್‌ನ ಗುರುಗುಟ್ಟುವಿಕೆ ಇದೆ, ಯಾವ ಸ್ವರ ನುಡಿಸಿದರೆಂಬ ಗುರುತಿದೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಇದು ಮೂಗಿನಿಂದ ಬಂದಂತೆ ಕೇಳಿ ಇಷ್ಟವಾಗದಿರಬಹುದು, ಡ್ರಮ್ಸು ಕೀಬೋರ್ಡು ಸೇರಿದಾಗ ಕೈಹಿಡಿಯುವುದು ಇದೇ. ಮಧ್ಯವನ್ನು ಹಳ್ಳ ಮಾಡಿ ಎರಡು ತುದಿ ಏರಿಸಿದ ಟೋನು ಒಂಟಿಯಾಗಿ ಬಹಳ ಸೊಗಸು, ತಂಡದ ನಡುವೆ ಮಾಯ. 100ರಿಂದ 250 ಹರ್ಟ್ಸ್ ನಡುವಿನದ್ದನ್ನು ಕಲ್ಯಾಣ ಮಂಟಪದಂಥ ಪ್ರತಿಧ್ವನಿಸುವ ಸಭಾಂಗಣಗಳಲ್ಲಿ ತುಸು ಇಳಿಸಬೇಕಾಗುತ್ತದೆ. 30 ಹರ್ಟ್ಸ್‌ನ ಕೆಳಗಿನದ್ದನ್ನು ಕತ್ತರಿಸುವ ಸ್ವಿಚ್ ಪೆಟ್ಟಿಗೆಯಲ್ಲಿದ್ದರೆ ನಾಲ್ಕು ತಂತಿಯ ಬೇಸ್ ನುಡಿಸುವವರು ಅದನ್ನು ಯಾವತ್ತೂ ಹಾಕಿಟ್ಟುಕೊಳ್ಳಬಹುದು. ಅಲ್ಲಿ ಸ್ವರವಿಲ್ಲ, ಅಂಗೈ ತಂತಿಗೆ ತಾಗುವ ಗುದ್ದು ಮಾತ್ರ ಇದೆ, ಅದಕ್ಕೂ ಆಂಪು ಶಕ್ತಿ ಸುರಿಯುತ್ತಿರುತ್ತದೆ.

ಮನೆಯಲ್ಲಿ ಹೊಂದಿಸಿದ ಟೋನನ್ನು ಹಾಗೆಯೇ ವೇದಿಕೆಗೆ ಒಯ್ಯಬೇಡಿ ಎನ್ನುವುದಕ್ಕೂ ಕಾರಣವಿದೆ. ಗಾಳಿಯಲ್ಲಿ 41 ಹರ್ಟ್ಸ್‌ನ ತರಂಗದೂರ ಎಂಟು ಮೀಟರಿಗೂ ಹೆಚ್ಚು. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಎರಡು ಗೋಡೆಗಳ ನಡುವೆ 43 ಹರ್ಟ್ಸ್ ಸುಮಾರಿಗೆ ನಿಂತ ತರಂಗ ಏಳುತ್ತದೆ. ಗೋಡೆಯ ಬಳಿ ಅದು ಗುಡುಗುತ್ತದೆ, ಕೋಣೆಯ ನಡುವೆ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಅಲ್ಲಿ ಕೂತು ತಳವನ್ನು ಏರಿಸಿದವರು ಕೋಣೆಯ ದೋಷಕ್ಕೆ ಮದ್ದು ಹಾಕಿರುತ್ತಾರೆ.

ಹಾರ್ಮೋನಿಕ್‌ಗಳನ್ನು ಏರಿಸುವುದಷ್ಟೇ ಅಲ್ಲ, ಹೊಸದಾಗಿ ಹುಟ್ಟಿಸುವ ಪ್ರೀಆಂಪುಗಳೂ ಇವೆ. ವಾಲ್ವನ್ನೋ ಟ್ರಾನ್ಸಿಸ್ಟರನ್ನೋ ಅದರ ಮಿತಿಯತ್ತ ತಳ್ಳಿದಾಗ ತರಂಗದ ತಲೆ ಚಪ್ಪಟೆಯಾಗುತ್ತದೆ; ಚಪ್ಪಟೆಯಾದ ತರಂಗದಲ್ಲಿ ಮೂಲದಲ್ಲಿಲ್ಲದ ಹಾರ್ಮೋನಿಕ್‌ಗಳು ಸೇರಿಕೊಳ್ಳುತ್ತವೆ. ನ್ಯೂಯಾರ್ಕಿನ ಟೆಕ್ 21 ಸಂಸ್ಥೆಯ ಸಾನ್ಸ್ಆಂಪ್ 1989ರಲ್ಲಿ ಬಂದಾಗ ವಾಲ್ವ್ ಆಂಪಿನ ಈ ಸ್ವಭಾವವನ್ನು, ಜೊತೆಗೆ ಸ್ಪೀಕರು ಎತ್ತರದ ಆವೃತ್ತಿಗಳನ್ನು ಕತ್ತರಿಸುವ ರೀತಿಯನ್ನೂ, ಕಾಲಡಿಯ ಪೆಟ್ಟಿಗೆಗೆ ತಂದಿತು. ಬೇಸ್‌ಗಾಗಿ ಮಾಡಿದ ಅದರ ಮಾದರಿ ಇವತ್ತಿಗೂ ವೇದಿಕೆಗಳಲ್ಲಿ ಕಾಣುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸುವುದು ಬ್ಲೆಂಡ್ ನಾಬ್. ಸಂಕೇತವನ್ನು ಎರಡಾಗಿ ಕವಲೊಡೆಸಿ, ಒಂದನ್ನು ಶುದ್ಧವಾಗಿ ಬಿಟ್ಟು, ಇನ್ನೊಂದನ್ನು ಮಾತ್ರ ಒರಟಾಗಿಸಿ ಕೊನೆಗೆ ಬೆರೆಸುತ್ತದೆ. ಹೆಲ್ಸಿಂಕಿಯ ಡಾರ್ಕ್‌ಗ್ಲಾಸ್ ಸಂಸ್ಥೆಯ ಪೆಟ್ಟಿಗೆಗಳು ಹೆಸರಾದದ್ದು ಈ ಬೆರಕೆಯ ಹದದಿಂದ. ಇಡೀ ಸಂಕೇತವನ್ನು ಚಪ್ಪಟೆ ಮಾಡಿದರೆ ಜೋರು ಮೀಟಿಗೂ ಮೆಲು ಮೀಟಿಗೂ ಇರುವ ವ್ಯತ್ಯಾಸವೇ ಅಳಿದುಹೋಗುತ್ತದೆ, ತಳ ಸೊರಗುತ್ತದೆ.

ಮನೆ ಕರೆಂಟಿನಿಂದ ಸಂಕೇತಕ್ಕೆ ಸೇರಿಕೊಳ್ಳುವ ಗುಂಯ್‌ಗುಡುವಿಕೆಯ ವಿಷಯಕ್ಕೆ ಬಂದರೆ, ಭಾರತದ ಬೇಸ್ ವಾದಕರಿಗೆ ಒಂದು ವಿಶೇಷ ಕಷ್ಟವಿದೆ. ನಮ್ಮ ಮನೆ ಕರೆಂಟಿನ ಆವೃತ್ತಿ 50 ಹರ್ಟ್ಸ್. ಬೇಸ್‌ನ ಕೆಳತಂತಿಯ ಮೂರನೇ ಮೆಟ್ಟಿಲಿನ ಜಿ ಸ್ವರ 49 ಹರ್ಟ್ಸ್. ಗುಂಯ್‌ಗುಡುವ ವೇದಿಕೆಯಲ್ಲಿ ಈ ಸ್ವರವನ್ನು ದೀರ್ಘವಾಗಿ ಹಿಡಿದರೆ ಎರಡೂ ಸೇರಿ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತವೆ, ಸ್ವರ ತೂಗಾಡುತ್ತದೆ. ಪಿಕಪ್ಪು ಆಗಲೇ ಹಿಡಿದುಬಿಟ್ಟ ಗುಂಯ್ ಸದ್ದನ್ನು ಯಾವ ಪ್ರೀಆಂಪೂ ತೆಗೆಯಲಾರದು. ಅದಕ್ಕೆ ಮದ್ದು ಪಿಕಪ್ಪಿನಲ್ಲೇ ಇರಬೇಕು: 1957ರಿಂದ ಪ್ರಿಸಿಷನ್ ಬೇಸ್‌ನಲ್ಲಿ ಬಂದ ಎರಡು ತುಂಡಿನ ಪಿಕಪ್ಪಿನಲ್ಲಿ ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿದ್ದು, ಎರಡೂ ಹಿಡಿದ ಗುಂಯ್ ಪರಸ್ಪರ ಅಳಿಸಿಹೋಗುತ್ತದೆ. ಪ್ರೀಆಂಪ್ ಮಾಡಬಲ್ಲದ್ದು ಮುಂದಿನ ದಾರಿಯನ್ನು ಕಾಯುವುದು. ಅದರ ಮೂರು ಪಿನ್ನಿನ ಎಕ್ಸ್ಎಲ್ಆರ್ ಔಟ್‌ಪುಟ್ ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನಷ್ಟೇ ಸಂಕೇತವೆಂದು ಕಳಿಸುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಮೆತ್ತಿಕೊಂಡ ಗುಂಯ್ ಮಿಕ್ಸರಿನಲ್ಲಿ ಕಳೆದುಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಗಿಟಾರಿನ ತಂತಿಗಳು ಸೇತುವೆಯ ಮೂಲಕ ಆಂಪಿನ ಅರ್ಥಿಂಗಿಗೆ ಜೋಡಣೆಯಾಗಿರುತ್ತವೆ. ಆಂಪಿನಲ್ಲಿ ದೋಷವಿದ್ದು ವೇದಿಕೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಅರ್ಥಿಂಗ್ ಇಲ್ಲದಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ಮೈಯೇ ಕರೆಂಟಿನ ದಾರಿಯಾಗುತ್ತದೆ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಅಥವಾ ಟೇಪು ಸುತ್ತುವ ಅಭ್ಯಾಸ ಕೆಲವರಲ್ಲಿದೆ. ಅದು ಪ್ರಾಣದ ಜೊತೆಗಿನ ಆಟ. ಪ್ರೀಆಂಪಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದು ಈ ಕೆಲಸಕ್ಕೇ. ಅದು ಆಡಿಯೊ ಕೇಬಲ್ಲಿನ ಜಾಲರಿಯ ಕೊಂಡಿಯನ್ನಷ್ಟೇ ಬಿಡಿಸುತ್ತದೆ, ಮೇನ್ಸ್ ಅರ್ಥಿಂಗನ್ನು ಮುಟ್ಟುವುದಿಲ್ಲ.

ಸ್ವಂತ ಆಂಪ್ ಇರುವವರು ಪ್ರೀಆಂಪನ್ನು ಎಲ್ಲಿ ಚುಚ್ಚಬೇಕು? ಆಂಪಿನ ಮುಂದಿನ ಜ್ಯಾಕಿಗೆ ಹಾಕಿದರೆ ಅದರೊಳಗಿನ ಪ್ರೀಆಂಪಿನ ಬಣ್ಣವೂ ಮೇಲೆ ಬೀಳುತ್ತದೆ. ಹಿಂಬದಿಯಲ್ಲಿ ಎಫೆಕ್ಟ್ಸ್ ರಿಟರ್ನ್ ಎಂಬ ಜ್ಯಾಕಿದ್ದರೆ ಅಲ್ಲಿಗೆ ಹಾಕಿ. ಸಂಕೇತ ನೇರವಾಗಿ ಪವರ್ ಆಂಪಿಗೆ ಹೋಗುತ್ತದೆ. ಅಡಾಪ್ಟರಿನ ವೋಲ್ಟೇಜೂ ಗಮನಿಸಬೇಕಾದದ್ದು. 9 ವೋಲ್ಟಿನಲ್ಲಿ ನಡೆಯುವ ಮಂಡಲ ಏರಿಳಿತಕ್ಕೆ ಕೊಡಬಲ್ಲದ್ದು ತುದಿಯಿಂದ ತುದಿಗೆ ಆರೇಳು ವೋಲ್ಟ್. ಹೆಬ್ಬೆರಳಿನ ಬಡಿತಕ್ಕೆ ತಳದ ಏರಿಕೆಯೂ ಸೇರಿದರೆ ಅಷ್ಟು ಸಾಲದೆ ತರಂಗದ ತಲೆ ಕತ್ತರಿಸಿಹೋಗುತ್ತದೆ. ತಯಾರಕರು 18 ವೋಲ್ಟಿಗೆ ಅವಕಾಶ ಕೊಟ್ಟಿದ್ದರೆ, ಕೊಟ್ಟಿದ್ದರೆ ಮಾತ್ರ, ಅದನ್ನು ಬಳಸಬಹುದು.

ಪ್ರೀಆಂಪ್ ಕೊಳ್ಳುವ ಮುಂಚಿನ ಪರೀಕ್ಷೆಯಲ್ಲಿ ಬಹುಪಾಲು ಜನ ಮೋಸಹೋಗುವುದು ಸದ್ದಿನ ಮಟ್ಟದಿಂದ. ಪೆಟ್ಟಿಗೆಯ ಸ್ವಿಚ್ ಒತ್ತುತ್ತಾರೆ, ಸಂಕೇತ ಒಂದೆರಡು ಡೆಸಿಬೆಲ್ ಜೋರಾಗುತ್ತದೆ, ಟೋನ್ ಉತ್ತಮವಾಯಿತೆಂದು ಕಿವಿ ತೀರ್ಪು ಕೊಡುತ್ತದೆ. ಬೇಸ್‌ನ ವಿಷಯದಲ್ಲಿ ಈ ಮೋಸ ಇನ್ನೂ ಆಳ. ಫ್ಲೆಚರ್ ಮತ್ತು ಮನ್ಸನ್‌ರ ರೇಖೆಗಳಲ್ಲಿ ಮಟ್ಟ ಏರಿದಂತೆ ತಳದ ಸ್ವರಗಳ ಜೋರು ಉಳಿದವಕ್ಕಿಂತ ಬೇಗ ಏರುತ್ತದೆ. ಅದರಿಂದ ಬರೀ ವಾಲ್ಯೂಮ್ ಹೆಚ್ಚಾದರೂ ತಳ ತುಂಬಿಕೊಂಡಂತೆ ಕೇಳುತ್ತದೆ. ಒಂದೇ ನಡೆಯನ್ನು ಪ್ರೀಆಂಪ್ ಸಹಿತ, ಪ್ರೀಆಂಪ್ ರಹಿತ ರೆಕಾರ್ಡ್ ಮಾಡಿ, ಎರಡರ ಮಟ್ಟವನ್ನೂ ಸಮ ಮಾಡಿ, ಯಾವುದು ಯಾವುದೆಂದು ಗೊತ್ತಿಲ್ಲದಂತೆ ಮನೆಯವರಿಂದ ಹಾಕಿಸಿ ಕೇಳಿ. ಆಗಲೂ ವ್ಯತ್ಯಾಸ ಹಿತವೆನಿಸಿದರೆ ಹಣ ಕೊಡಿ. ಗಿಟಾರಿನಲ್ಲಿ ಆಗಲೇ ಒಳ್ಳೆಯ ಒಳಗಿನ ಪ್ರೀಆಂಪ್ ಇದ್ದು, ಆಂಪಿನ ಇನ್‌ಪುಟ್ಟೂ ಮೆಗಾ ಓಮ್ ಇದ್ದರೆ, ಈ ಪರೀಕ್ಷೆಯಲ್ಲಿ ಹೊಸ ಪೆಟ್ಟಿಗೆ ಸೋಲುವುದೂ ಉಂಟು. ಅಂಥವರು ಆ ಹಣದಲ್ಲಿ ಹೊಸ ತಂತಿ ಕೊಳ್ಳುವುದು ಮೇಲು.

ಇದೇ ಪೆಟ್ಟಿಗೆಯನ್ನು ವೀಣೆಯವರೂ ಬಳಸಬಹುದು, ಆದರೆ ಅಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕಛೇರಿಗಳಲ್ಲಿ ವೀಣೆಯ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನೊಳಗೆ ಸುರುಳಿಯ ಬದಲು ಪೀಜೊ ಹರಳಿನ ಬಿಲ್ಲೆ ಇರುತ್ತದೆ. ವಿದ್ಯುತ್ತಿನ ಭಾಷೆಯಲ್ಲಿ ಅದೊಂದು ಕೆಪಾಸಿಟರ್. ಸುರುಳಿಗೆ ಭಾರ ಹೊರಿಸಿದರೆ ಎತ್ತರದ ಆವೃತ್ತಿಗಳು ಸಾಯುತ್ತವೆ, ಪೀಜೊಗೆ ಹೊರಿಸಿದರೆ ತಳ ಸಾಯುತ್ತದೆ. ಬಿಲ್ಲೆಯ ಕೆಪಾಸಿಟೆನ್ಸ್ 10 ನ್ಯಾನೊಫ್ಯಾರಡ್ ಎಂದಿಟ್ಟುಕೊಳ್ಳಿ. ಅದನ್ನು 10 ಸಾವಿರ ಓಮ್‌ನ ಲೈನ್ ಜ್ಯಾಕಿಗೆ ಚುಚ್ಚಿದರೆ 1600 ಹರ್ಟ್ಸ್‌ನ ಕೆಳಗಿನದ್ದೆಲ್ಲ ಇಳಿಯತೊಡಗುತ್ತದೆ. 60 ಹರ್ಟ್ಸ್‌ನ ಆಸುಪಾಸಿನಲ್ಲಿರುವ ಅನುಮಂದ್ರದ ತಂತಿ ಹೆಸರಿಗಷ್ಟೇ ಉಳಿಯುತ್ತದೆ, ಹಲಸಿನ ಮರದ ವೀಣೆ ತಗಡಿನ ಸದ್ದು ಮಾಡುತ್ತದೆ. 1 ಮೆಗಾ ಓಮ್ ಕೊಟ್ಟರೆ ಆ ಮಿತಿ 16 ಹರ್ಟ್ಸ್‌ಗೆ ಇಳಿದು ತಂತಿ ಪೂರ್ತಿ ಮರಳುತ್ತದೆ. ಬಿಲ್ಲೆ ಚಿಕ್ಕದಾಗಿ ಕೆಪಾಸಿಟೆನ್ಸ್ ಒಂದೇ ನ್ಯಾನೊಫ್ಯಾರಡ್ ಇದ್ದರೆ ಆ ಒಂದು ಮೆಗಾ ಓಮ್ ಕೂಡ ಸಾಲದು. ಬೇಸ್ ಗಿಟಾರಿಗೆ ಅನಗತ್ಯವೆಂದ 10 ಮೆಗಾ ಓಮ್‌ನ ಇನ್‌ಪುಟ್ ಬೇಕಾಗುವುದು ಇಲ್ಲಿ. ಕೇಬಲ್ಲಿನ ಉದ್ದ ಹೆಚ್ಚಾದರೂ ಪೀಜೊದ ಟೋನ್ ಬದಲಾಗುವುದಿಲ್ಲ, ಸದ್ದು ಮಾತ್ರ ಒಂದಿಷ್ಟು ತಗ್ಗುತ್ತದೆ. ಆದರೂ ಇಷ್ಟು ಎತ್ತರದ ಇಂಪೀಡೆನ್ಸಿನ ದಾರಿ ಸುತ್ತಲಿನ ಗುಂಯ್ ಸದ್ದನ್ನು ಸುಲಭವಾಗಿ ಹೀರಿಕೊಳ್ಳುವುದರಿಂದ, ಪೆಟ್ಟಿಗೆಯನ್ನು ವೀಣೆಯ ಪಕ್ಕದಲ್ಲೇ ಇಟ್ಟು ಅಲ್ಲಿಂದ ಎಕ್ಸ್ಎಲ್ಆರ್ ಕೇಬಲ್ ಎಳೆಯುವುದು ಒಳ್ಳೆಯದು.